ಬೀಗದ ಕೈ ಸದ್ದಿಗೆ ಬೆಚ್ಚುವವರು

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ನಮಸ್ಕಾರ.

ನಾನು ಡಾಕ್ಟರಲ್ಲ, ವಕೀಲೆಯೂ ಅಲ್ಲ. ಕೆಲವು ವರ್ಷ ವಾರಕ್ಕೊಮ್ಮೆ ಒಂದು ಆಶ್ರಯ ಕೇಂದ್ರಕ್ಕೆ ಹೋಗಿ ಹೊಲಿಗೆ ಹೇಳಿಕೊಡುತ್ತಿದ್ದೆ. ಮಾನವ ಕಳ್ಳಸಾಗಣೆಯ ಜಾಲದಿಂದ ಪೊಲೀಸರು ಬಿಡಿಸಿ ತಂದ ಹೆಣ್ಣುಮಕ್ಕಳೂ ಅಲ್ಲಿದ್ದರು. ಕೆಲಸ ಕೊಡಿಸ್ತೀವಿ ಅನ್ನೋ ಮಾತು ನಂಬಿ ಮನೆ ಬಿಟ್ಟವರೇ ಜಾಸ್ತಿ.

ಒಬ್ಬಾಕೆ ಮಿಷನ್ ಮುಂದೆ ಕೂತರೆ ಊಟದ ಹೊತ್ತೂ ಮರೆಯುತ್ತಿದ್ದಳು. ಆದರೆ ವಾರ್ಡನ್ ಕೈಯ ಕೀ ಗೊಂಚಲು ಸದ್ದಾದರೆ ಸಾಕು, ಕೈ ನಡುಗಿ ಹೊಲಿಗೆ ಸೊಟ್ಟಗಾಗುತ್ತಿತ್ತು. ಅವಳನ್ನು ಕೂಡಿಹಾಕಿದ್ದ ಮನೆಗೂ ಹೊರಗಿನಿಂದಲೇ ಬೀಗ. ಕೇಂದ್ರದಲ್ಲಿ ರಾತ್ರಿ ದೀಪ ಆರಿಸಲು ಅವಳು ಬಿಡುತ್ತಿರಲಿಲ್ಲ. ಉಳಿದವರು ಸುಮ್ನೆ ನಾಟಕ ಅನ್ನುತ್ತಿದ್ದರು. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಇದು ದೊಡ್ಡ ಆಘಾತದ ನಂತರ ಕಾಡುವ ಮನಸ್ಸಿನ ಕಾಯಿಲೆ, ಪಿಟಿಎಸ್‌ಡಿ ಅಂತ ಹೆಸರಿದೆ ಎಂದು ಆಮೇಲೆ ಗೊತ್ತಾಯಿತು. ಎಂದೋ ಮುಗಿದದ್ದು ಈಗಲೇ ನಡೆಯುತ್ತಿದೆ ಅನ್ನುವಂತೆ ಮೈ ಹೆದರುತ್ತದೆ.

ಈ ಕಾಯಿಲೆಯಲ್ಲಿ ನೆನಪುಗಳು ಸಾಲಾಗಿ ಬರದೇ ಇರಬಹುದು. ಕೋಣೆಯ ವಾಸನೆ ನೆನಪಿರುತ್ತದೆ, ಗೋಡೆಯ ಬಣ್ಣ ನೆನಪಿರುತ್ತದೆ, ತಾರೀಖು ಇರುವುದಿಲ್ಲ. ಕೋರ್ಟಿನ ಪಾಟೀ ಸವಾಲಿನಲ್ಲಿ ಕೇಳುವುದು ತಾರೀಖನ್ನೇ ಅಲ್ವಾ? ಅವಳು ತಡವರಿಸಿದರೆ ಸುಳ್ಳುಗಾತಿ. ಮಾರಿದವನು ಕೊಟ್ಟ ಕಾಯಿಲೆ ಕೊನೆಗೆ ಅವನನ್ನೇ ಕಾಪಾಡುತ್ತದೆ.

1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಡಿ ಇಂಥವರನ್ನು 1ರಿಂದ 3 ವರ್ಷ ರಕ್ಷಣಾ ಗೃಹದಲ್ಲಿ ಇಡಲು ಮ್ಯಾಜಿಸ್ಟ್ರೇಟರು ಹೇಳಬಹುದು. ವಯಸ್ಕ ಹೆಂಗಸರನ್ನು ಅವರಿಗೆ ಇಷ್ಟವಿಲ್ಲದೆ ಇಟ್ಟಿದ್ದರೆ ಪರಿಶೀಲಿಸಿ ಬಿಡಿ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. ನಮ್ಮಲ್ಲಿ ಆ ಕೆಲಸ ಎಲ್ಲಿಗೆ ಬಂತು?

ನಿಮ್ಹಾನ್ಸ್ ಬೆಂಗಳೂರಲ್ಲೇ ಇದೆ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು 1980ರ ದಶಕದಲ್ಲಿ ದೇಶಕ್ಕೆ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಕೂಡ ಇದೆ. ಕೈಗೆ ಫೋನೇ ಕೊಡದ ಕಡೆ ನಂಬರ್ ಇದ್ದೇನು ಬಂತು?

ಪ್ರತಿ ಕೇಂದ್ರಕ್ಕೂ ಆಘಾತದ ಚಿಕಿತ್ಸೆಯಲ್ಲಿ ಪಳಗಿದ ಆಪ್ತಸಮಾಲೋಚಕಿ ಬೇಕು. ಕೋರ್ಟಿಗೂ ಅವರೇ ಜೊತೆಗೆ ಹೋಗಲಿ, ಊರು ಸೇರಿದ ಮೇಲೂ ಅವರೇ ವಿಚಾರಿಸಲಿ. ಪ್ರತಿ ಸಲ ಹೊಸಬರು ಬಂದು "ಏನಾಯ್ತು ಹೇಳಮ್ಮ" ಅಂತ ಮೊದಲಿಂದ ಶುರುಮಾಡುವುದು ನಿಲ್ಲಲಿ.

ಇನ್ನೊಂದು ಸಣ್ಣ ಕೋರಿಕೆ. ಇದಕ್ಕೆ ಬಜೆಟ್ಟೂ ಬೇಡ. ಈ ಹೆಣ್ಣುಮಕ್ಕಳು ಮಲಗುವ ಕೋಣೆಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಹಾಕಿಸಿಕೊಡಿ.

ಇಂತಿ,
ಹೊಲಿಗೆ ಹೇಳಿಕೊಡುತ್ತಿದ್ದವಳು