ತೂಕ ಇಳಿದ ಮೇಲಿನ ಕಥೆಯನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಆಗಾಗ ಅಚ್ಚಾಗುವ ತೂಕ ಇಳಿಕೆಯ ಯಶೋಗಾಥೆಗಳನ್ನು ನಾನು ಬಹಳ ಕಾಲದಿಂದ ಓದುತ್ತ ಬಂದಿದ್ದೇನೆ. ಅಕ್ಕಪಕ್ಕದಲ್ಲಿ ಎರಡು ಭಾವಚಿತ್ರಗಳು, ಇಷ್ಟು ವಾರಗಳಲ್ಲಿ ಇಷ್ಟು ಕಿಲೋ ಎಂಬ ಶೀರ್ಷಿಕೆ, ಅದರ ಕೆಳಗೆ ದಿನದ ಆಹಾರದ ಪಟ್ಟಿ. ಅಲ್ಲಿಗೆ ಕಥೆ ಮುಗಿಯುತ್ತದೆ. ಅಂಥ ಒಂದು ಪಟ್ಟಿಯನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು, ಅದರಲ್ಲಿ ಹೇಳಿದ್ದಕ್ಕಿಂತಲೂ ಕಡಿಮೆ ತಿಂದು ಎಂಟು ತಿಂಗಳು ಕಳೆದವಳು ನಾನು. ಆ ಎಂಟು ತಿಂಗಳಲ್ಲಿ ಕೆಡಿಸಿಕೊಂಡದ್ದನ್ನು ಸರಿಪಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ತಪ್ಪು ಪತ್ರಿಕೆಯದೆಂದು ದೂರುವುದು ಈ ಪತ್ರದ ಉದ್ದೇಶವಲ್ಲ. ತೂಕ ಇಳಿಸುವ ದಾರಿ ತೋರಿಸುವವರು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. ತೀರ ಕಡಿಮೆ ತಿಂದು ಸೊರಗಿದವರು ಮತ್ತೆ ಊಟಕ್ಕೆ ಮರಳುವುದು ಹೇಗೆ, ಮರಳುವಾಗ ದೇಹದಲ್ಲಿ ಏನೇನಾಗುತ್ತದೆ ಎಂಬುದನ್ನು ಹೇಳುವವರು ಮಾತ್ರ ಸಿಗುವುದಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬೇಕೆನಿಸಿತು.

ಮೊದಲ ಎರಡು ತಿಂಗಳು ಬಟ್ಟೆಗಳು ಸಡಿಲವಾದವು, ಕಂಡವರೆಲ್ಲ ಹೊಗಳಿದರು. ಆಮೇಲೆ ಬೆರಳುಗಳು ಬಿಸಿಲಿನಲ್ಲೂ ತಣ್ಣಗಿರತೊಡಗಿದವು. ಕುಳಿತಲ್ಲಿಂದ ಎದ್ದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಮುಟ್ಟು ಮೊದಮೊದಲು ತಡವಾಗಿ, ಕೊನೆಗೆ ನಿಂತೇ ಹೋಯಿತು. ಮನೆಯವರ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಊಟ ಬಿಟ್ಟವಳ ತಲೆಯಲ್ಲಿ ಊಟದ ಹೊರತು ಬೇರೇನೂ ಇರಲಿಲ್ಲ. ಮಧ್ಯರಾತ್ರಿ ಎಚ್ಚರವಾದರೆ, ಎಂದೂ ಮಾಡದ, ಮಾಡುವ ಉದ್ದೇಶವೂ ಇಲ್ಲದ ಅಡುಗೆಗಳ ವಿಧಾನಗಳನ್ನು ಫೋನಿನಲ್ಲಿ ಓದುತ್ತ ಬೆಳಗು ಮಾಡುತ್ತಿದ್ದೆ. ಇದೆಲ್ಲವೂ ನನ್ನ ಮನೋಬಲದ ಕೊರತೆ ಎಂದುಕೊಂಡು ತಟ್ಟೆಯಲ್ಲಿದ್ದುದನ್ನು ಇನ್ನಷ್ಟು ಕಡಿಮೆ ಮಾಡಿದೆ. ರಕ್ತಪರೀಕ್ಷೆಯ ವರದಿ ಬಹುಮಟ್ಟಿಗೆ ಸರಿಯಾಗಿಯೇ ಬಂದದ್ದು ನನ್ನ ಹಟಕ್ಕೆ ಒತ್ತಾಸೆಯಾಯಿತು. ದೇಹವು ರಕ್ತದ ಸಮತೋಲನವನ್ನು ಕಡೆಯವರೆಗೂ ಕಾಪಾಡಲು ನೋಡುತ್ತದೆ, ಆದ್ದರಿಂದ ವರದಿ ಸರಿಯಿದ್ದ ಮಾತ್ರಕ್ಕೆ ಹೊಟ್ಟೆಗೆ ಸಾಕಷ್ಟು ಬೀಳುತ್ತಿದೆ ಎಂದರ್ಥವಲ್ಲ ಎಂಬುದನ್ನು ನಂತರ ನನ್ನನ್ನು ನೋಡಿದ ವೈದ್ಯೆ ವಿವರಿಸಿದರು. ಅವರು ಕಾಗದಗಳನ್ನು ಬದಿಗಿಟ್ಟು ನಾಡಿ ಹಿಡಿದರು. ನಿಮಿಷಕ್ಕೆ 46 ಇತ್ತು. ‘ವ್ಯಾಯಾಮದಿಂದ ಹೃದಯ ಗಟ್ಟಿಯಾಗಿದೆ’ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ‘ಇಲ್ಲಮ್ಮ, ಊಟ ಸಾಲದೆ ಅದು ಶಕ್ತಿಯ ಖರ್ಚು ಉಳಿಸುತ್ತಿದೆ’ ಎಂದರು.

ಈ ಒಂದು ಮಾತಿನ ಹಿಂದೆ 80 ವರ್ಷ ಹಳೆಯ ವಿಜ್ಞಾನವಿದೆ. ಎರಡನೆಯ ಮಹಾಯುದ್ಧದಲ್ಲಿ ಹಸಿದ ಜನರಿಗೆ ಮುಂದೆ ಹೇಗೆ ಉಣಿಸಬೇಕೆಂದು ತಿಳಿಯುವುದಕ್ಕಾಗಿ 1944ರ ನವೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಆರಂಭಿಸಿದರು. ಯುದ್ಧದಲ್ಲಿ ಆಯುಧ ಹಿಡಿಯಲು ಆತ್ಮಸಾಕ್ಷಿ ಒಪ್ಪದೆ ಸ್ವಯಂಸೇವಕರಾಗಿ ಬಂದಿದ್ದ 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರಗಳ ಕಾಲ ದಿನಕ್ಕೆ ಸುಮಾರು 1,570 ಕ್ಯಾಲೊರಿಗಳಷ್ಟು ಆಹಾರ ನೀಡಿ, ವಾರಕ್ಕೆ ಸುಮಾರು 35 ಕಿಲೋಮೀಟರ್ ನಡೆಸಲಾಯಿತು. ಅವರ ತೂಕ ಸರಾಸರಿ ಕಾಲುಭಾಗದಷ್ಟು ಇಳಿಯಿತು. ಜೊತೆಗೆ ನಾಡಿಬಡಿತ ನಿಧಾನವಾಯಿತು, ಸದಾ ಚಳಿಯೆನಿಸಿತು, ಕೂದಲು ಉದುರಿತು, ಗೆಳೆತನ ಹಾಸ್ಯಗಳಲ್ಲಿ ಆಸಕ್ತಿ ಹೋಯಿತು, ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಈ ಕೊನೆಯ ವಿವರವನ್ನು ಮೊದಲ ಬಾರಿಗೆ ಓದಿದಾಗ ನನಗೆ ಅಳು ಬಂತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ. ನನ್ನ ಮಧ್ಯರಾತ್ರಿಯ ಓದು ಚಪಲವಾಗಿರಲಿಲ್ಲ, ಹಸಿದ ಮಿದುಳಿನ ಲಕ್ಷಣವಾಗಿತ್ತು. ಇಂದು ಕೈಯಿಂದ ಕೈಗೆ ದಾಟುವ ಎಷ್ಟೋ ಡಯಟ್ ಪಟ್ಟಿಗಳು 1,200 ಕ್ಯಾಲೊರಿಗೆ ನಿಲ್ಲುತ್ತವೆ. ಆ ಯುವಕರ ದೇಹದ ಅಗತ್ಯ ಹೆಚ್ಚಿತ್ತು, ಅವರ ಅಂಕಿಯನ್ನು ನೇರವಾಗಿ ಎಲ್ಲರಿಗೂ ಹೋಲಿಸಲಾಗದು ಎಂಬುದು ನಿಜ. ಆದರೂ ವಿಜ್ಞಾನಿಗಳು ಅರೆ ಉಪವಾಸವೆಂದು ಹೆಸರಿಟ್ಟ ಊಟಕ್ಕಿಂತ ಕಡಿಮೆಯದನ್ನು ನಾವು ಶಿಸ್ತು ಎಂದು ಕರೆಯುತ್ತಿರುವುದು ಯೋಚಿಸಬೇಕಾದ ಸಂಗತಿ.

ಆ ಪ್ರಯೋಗದ ಹಸಿವಿನ ಭಾಗವನ್ನು ಅನೇಕರು ಬಲ್ಲರು. ಚೇತರಿಕೆಯ ಭಾಗ, ಅಂದರೆ ನಿಜವಾಗಿ ಪ್ರಯೋಗ ನಡೆದದ್ದೇ ಯಾವುದಕ್ಕಾಗಿಯೋ ಆ ಭಾಗ, ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಊಟವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿದ ಗುಂಪಿನವರು ವಾರಗಟ್ಟಲೆ ಚೇತರಿಸಿಕೊಳ್ಳಲಿಲ್ಲ. ವಿಟಮಿನ್, ಪ್ರೋಟೀನ್‌ಗಳನ್ನು ಪ್ರತ್ಯೇಕವಾಗಿ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಒಟ್ಟು ಆಹಾರವನ್ನು ಧಾರಾಳವಾಗಿ ಹೆಚ್ಚಿಸಿದಾಗಲೇ ಅವರಲ್ಲಿ ಜೀವಕಳೆ ಮರಳಿತು. ನಾನೂ ಮೊದಲು ಮಾಡಿದ್ದು ಅದೇ ತಪ್ಪನ್ನು. ತಟ್ಟೆಯನ್ನು ಇದ್ದಷ್ಟಕ್ಕೇ ಬಿಟ್ಟು ಮೂರು ಬಗೆಯ ಮಾತ್ರೆಗಳನ್ನು ನುಂಗಿ, ಕೂದಲಿಗೆ ಎಣ್ಣೆ ಬದಲಿಸಿ, ಆಯಾಸಕ್ಕೆ ಬೇರೆಯೇ ಕಾಯಿಲೆಯನ್ನು ಹುಡುಕುತ್ತ ಎರಡು ತಿಂಗಳು ಕಳೆದೆ.

ಕೊನೆಗೆ ಆಹಾರತಜ್ಞೆಯೊಬ್ಬರು ಕ್ಯಾಲೊರಿ ಲೆಕ್ಕದ ಆ್ಯಪ್ ತೆಗೆಸಿ, ಹಸಿವಾಗಲಿ ಆಗದಿರಲಿ ಮೂರು ಹೊತ್ತು ಊಟ, ನಡುವೆ ಮೂರು ಸಲ ತಿಂಡಿ ಎಂದು ಗಡಿಯಾರ ನೋಡಿ ತಿನ್ನುವ ಕ್ರಮವನ್ನು ಹಾಕಿಕೊಟ್ಟರು. ಬಹಳ ದಿನ ಅದುಮಿಟ್ಟ ಹಸಿವು ಮೊದಮೊದಲು ನಂಬಲರ್ಹ ಸಾಕ್ಷಿಯಲ್ಲ ಎನ್ನುವುದು ಅವರ ವಾದ. ಹತ್ತು ದಿನಗಳಲ್ಲಿ ತೂಕದ ಯಂತ್ರ ಮೂರು ಕಿಲೋ ಹೆಚ್ಚು ತೋರಿಸಿತು. ಅಂದು ರಾತ್ರಿ ನಾನು ಊಟಕ್ಕೆ ಕೂರಲಿಲ್ಲ. ಮರುದಿನ ಅವರು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದರು: ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಪಿಷ್ಟವನ್ನು ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ಬರಿದಾಗಿದ್ದ ಈ ಉಗ್ರಾಣ ತುಂಬುವಾಗಲೇ ತೂಕ ಜಿಗಿಯುತ್ತದೆ, ಡಯಟ್‌ನ ಮೊದಲ ವಾರ ಸರ್ರನೆ ಇಳಿಯುವುದೂ ಇದೇ ನೀರು. ಕರುಳಿನಲ್ಲಿ ಹೆಚ್ಚು ಆಹಾರವಿರುವುದರ ತೂಕವೂ ಅದರಲ್ಲಿದೆ. ಹತ್ತು ದಿನಗಳಲ್ಲಿ ಮೂರು ಕಿಲೋ ಕೊಬ್ಬು ಸೇರಬೇಕಾದರೆ ದೇಹದ ಅಗತ್ಯದ ಮೇಲೆ 20,000ಕ್ಕೂ ಹೆಚ್ಚು ಕ್ಯಾಲೊರಿ ತಿಂದಿರಬೇಕಿತ್ತು. ನನ್ನಿಂದ ಅದರ ಕಾಲುಪಾಲೂ ಸಾಧ್ಯವಿರಲಿಲ್ಲ. ಈ ಒಂದು ಲೆಕ್ಕವನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ರಾತ್ರಿಯ ಉಪವಾಸವಾದರೂ ತಪ್ಪುತ್ತಿತ್ತು. ಚೇತರಿಕೆಯ ಹಾದಿಯಲ್ಲಿ ಎಷ್ಟೋ ಜನ ಹಿಂದಕ್ಕೆ ತಿರುಗುವುದು ಇದೇ ಎರಡನೆಯ ವಾರದಲ್ಲಿ ಎಂದು ಅವರು ಹೇಳಿದ್ದನ್ನು ನಾನು ಮರೆತಿಲ್ಲ.

ಹೊಟ್ಟೆಯುಬ್ಬರವೂ ಹಾಗೆಯೇ. ಕಡಿಮೆ ಉಂಡು ಅಭ್ಯಾಸವಾದ ಜಠರ ಆಹಾರವನ್ನು ಮುಂದಕ್ಕೆ ದೂಡಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಸಾಧಾರಣ ಊಟವೂ ಕಲ್ಲಿನಂತೆ ಕೂರುತ್ತದೆ. ಅದು ಸರಿಹೋಗುವುದು ತಿನ್ನುತ್ತ ಹೋದರೆ ಮಾತ್ರ. ಕೂದಲಿನ ವಿಷಯದಲ್ಲಿ ಕಾಲದ ಮೋಸವೊಂದಿದೆ: ದೇಹಕ್ಕೆ ಪೆಟ್ಟು ಬಿದ್ದ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುವುದರಿಂದ, ಸರಿಯಾಗಿ ಉಣ್ಣತೊಡಗಿದ ಮೇಲೆಯೇ ಉದುರುವಿಕೆ ಹೆಚ್ಚಿದಂತೆ ಕಂಡು ಊಟದ ಮೇಲೆಯೇ ಅನುಮಾನ ಬರುತ್ತದೆ.

ನನ್ನನ್ನು ಹೆಚ್ಚು ಹೆದರಿಸಿದ್ದು ಇವಾವುವೂ ಅಲ್ಲ, ಹಸಿವು. ಮೂರನೆಯ ತಿಂಗಳಲ್ಲಿ ಅದು ಬಂದ ರೀತಿಯನ್ನು ನೆನೆದರೆ ಈಗಲೂ ದಿಗಿಲಾಗುತ್ತದೆ. ಹೊಟ್ಟೆ ತುಂಬಿ ಬಿಗಿದಿದ್ದರೂ ಬಾಯಿ ಇನ್ನೂ ಬೇಕೆನ್ನುತ್ತಿತ್ತು. ಮಿನ್ನೆಸೋಟದ ಯುವಕರಲ್ಲೂ ಹಾಗೆಯೇ ಆಯಿತು. ಅವರಲ್ಲಿ ಕೊಬ್ಬು ಮೊದಲು ಮರಳಿತು, ಸ್ನಾಯು ತಡವಾಗಿ ಮರಳಿತು. ತೂಕ ಹಳೆಯ ಮಟ್ಟಕ್ಕೆ ಬಂದ ಮೇಲೂ ಅತಿಯಾದ ಹಸಿವು ಉಳಿದೇ ಇತ್ತು. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದು ಹತ್ತು ವಾರ ಅತ್ಯಲ್ಪ ಕ್ಯಾಲೊರಿಯ ಆಹಾರದಲ್ಲಿದ್ದವರನ್ನು ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸಿದಾಗಲೂ, ಹಸಿವನ್ನು ಆಳುವ ಲೆಪ್ಟಿನ್, ಗ್ರೆಲಿನ್ ಮೊದಲಾದ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಹಿಂತಿರುಗಿರಲಿಲ್ಲ. ಇಂಥ ಹಸಿವನ್ನು ‘ಡಯಟ್ ಮುರಿದದ್ದು’ ಎಂದು ಹೆಸರಿಸಿ ಮರುದಿನ ಉಪವಾಸದಿಂದ ತೀರಿಸಹೊರಟರೆ, ಉಪವಾಸ ಮತ್ತು ಬಾಚಿ ತಿನ್ನುವುದರ ನಡುವೆ ಜೀಕುವ ಇನ್ನೊಂದು ಕಾಯಿಲೆಗೆ ದಾರಿಯಾಗುತ್ತದೆ. ನನ್ನ ಹಸಿವು ಐದಾರು ತಿಂಗಳಲ್ಲಿ ತಾನಾಗಿ ತಗ್ಗಿತು, ಏಳನೆಯ ತಿಂಗಳಲ್ಲಿ ಮುಟ್ಟು ಮರಳಿತು. ತೂಕ ಡಯಟ್‌ಗೆ ಮುಂಚಿನದಕ್ಕಿಂತ ಸ್ವಲ್ಪ ಮೇಲೇರಿ, ಆಮೇಲೆ ನಿಧಾನವಾಗಿ ಇಳಿದು ಒಂದೆಡೆ ನಿಂತಿತು. ಆ ಅವಧಿಯಲ್ಲಿ ಕಂಡವರೊಬ್ಬರು ‘ಯಾಕೆ ಹೀಗಾದಿರಿ, ಮೊದಲು ಎಷ್ಟು ಚೆನ್ನಾಗಿದ್ದಿರಿ’ ಎಂದು ಮರುಗಿದರು. ಅವರು ಚೆನ್ನಾಗಿದ್ದಿರಿ ಎಂದದ್ದು ನಾನು ಮೆಟ್ಟಿಲ ನಡುವೆ ನಿಲ್ಲುತ್ತಿದ್ದ ದಿನಗಳನ್ನು.

ಇಲ್ಲಿ ಒಂದು ಎಚ್ಚರಿಕೆಯನ್ನು ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕು. ಐದಾರು ದಿನಗಳಿಗೂ ಮೇಲ್ಪಟ್ಟು ಏನನ್ನೂ ತಿನ್ನದಿದ್ದವರು, ಕೆಲವೇ ತಿಂಗಳಲ್ಲಿ ವಿಪರೀತ ತೂಕ ಕಳೆದುಕೊಂಡವರು, ಮೂರ್ಛೆ ಹೋಗುತ್ತಿರುವವರು ಈ ಪತ್ರವನ್ನು ಓದಿ ಮನೆಯಲ್ಲಿಯೇ ಒಮ್ಮೆಲೇ ಹೆಚ್ಚು ಉಣ್ಣತೊಡಗಬಾರದು. ದೀರ್ಘ ಹಸಿವಿನ ನಂತರ ಏಕಾಏಕಿ ಆಹಾರ ಬಿದ್ದಾಗ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳೊಳಕ್ಕೆ ನುಗ್ಗಿ, ರಕ್ತದಲ್ಲಿ ಅವುಗಳ ಮಟ್ಟ ಕುಸಿದು, ಹೃದಯದ ಲಯವೇ ತಪ್ಪಬಹುದು. ಎರಡನೆಯ ಮಹಾಯುದ್ಧದ ಸೆರೆಯಿಂದ ಬಿಡುಗಡೆಯಾದವರಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತದ್ದು ಹೀಗೆಯೇ. ಅಂಥವರ ಚೇತರಿಕೆ ವೈದ್ಯರ ಕಣ್ಣೆದುರೇ ಆಗಬೇಕು.

ಇನ್ನು ನನ್ನ ಕೋರಿಕೆ. ತೂಕ ಇಳಿಸುವುದು ಆರೋಗ್ಯಕ್ಕೆ ಅಗತ್ಯವಿರುವವರು ಅನೇಕರಿದ್ದಾರೆ, ಆ ಬರಹಗಳು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಒಬ್ಬರ ಎತ್ತರ, ವಯಸ್ಸು, ದುಡಿಮೆಗೆ ತಕ್ಕಂತೆ ಹಾಕಿದ ಕ್ಯಾಲೊರಿಯ ಅಂಕಿಯನ್ನು ಎಲ್ಲರ ಗೋಡೆಗೂ ಅಂಟುವಂತೆ ಅಚ್ಚು ಮಾಡುವುದನ್ನು ನಿಲ್ಲಿಸಬಹುದಲ್ಲವೇ? ದಿನಕ್ಕೆ 800 ಕ್ಯಾಲೊರಿಗಿಂತ ಕಡಿಮೆಯ ಆಹಾರವನ್ನು ವೈದ್ಯರ ನಿಗಾ ಇಲ್ಲದೆ ಯಾರೂ ಅನುಸರಿಸಬಾರದು ಎಂಬ ಒಂದು ಸಾಲಿಗೆ ಆ ಪುಟದಲ್ಲಿ ಜಾಗವಿಲ್ಲವೇ? ತೆಳ್ಳಗಿರುವವರಿಗೆ ಮಾತ್ರ ಅರೆಹೊಟ್ಟೆಯ ಹಾನಿ ಎಂಬ ಭ್ರಮೆಯನ್ನೂ ನಿಮ್ಮ ಲೇಖಕರು ಒಡೆಯಬೇಕು. ತೂಕ ಸಾಮಾನ್ಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದೂ ದಪ್ಪಗಾಗುವ ಭಯದಿಂದ ಊಟ ತೊರೆಯುವ ಅನೊರೆಕ್ಸಿಯಾ ಎಂಬ ಕಾಯಿಲೆಯ ಉಳಿದೆಲ್ಲ ಲಕ್ಷಣಗಳಿರುವುದು ಸಾಧ್ಯವೆಂದು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯೇ 2013ರಲ್ಲಿ ದಾಖಲಿಸಿದೆ. ನಾನು ಅತ್ಯಂತ ಅಸ್ವಸ್ಥಳಾಗಿದ್ದ ದಿನಗಳಲ್ಲಿಯೂ ಎತ್ತರ ತೂಕಗಳ ಕೋಷ್ಟಕ ನನ್ನನ್ನು ಆರೋಗ್ಯವಂತರ ಸಾಲಿನಲ್ಲಿಯೇ ಇಟ್ಟಿತ್ತು.

ಮತ್ತೊಂದು ಸಣ್ಣ ಕೆಲಸ. ನೀವು ಚಿತ್ರ ಪ್ರಕಟಿಸಿದವರಿಗೆ ಒಂದು ವರ್ಷ ಬಿಟ್ಟು ಮತ್ತೆ ಫೋನ್ ಮಾಡಿ, ಈಗ ಏನು ಉಣ್ಣುತ್ತೀರಿ, ನಿದ್ರೆ ಬರುತ್ತಿದೆಯೇ, ಕೈ ಬೆಚ್ಚಗಿವೆಯೇ ಎಂದು ಕೇಳಿ, ಅವರು ಹೇಳಿದ್ದನ್ನು ಅದೇ ಪುಟದಲ್ಲಿ ಹಾಕಿ. ಯಾರೂ ಒಪ್ಪದಿದ್ದರೆ ನನ್ನದನ್ನು ಹಾಕಬಹುದು. ನನ್ನ ಬಳಿ ಎರಡಲ್ಲ, ಮೂರು ಭಾವಚಿತ್ರಗಳಿವೆ. ಮೂರನೆಯದರಲ್ಲಿ ನಾನು ಎರಡನೆಯದಕ್ಕಿಂತ ದಪ್ಪಗಿದ್ದೇನೆ, ಮಗಳ ಜೊತೆ ಉದ್ದನೆಯ ಮೆಟ್ಟಿಲ ಸಾಲನ್ನು ಹತ್ತಿ ತುದಿಯಲ್ಲಿ ನಿಂತಿದ್ದೇನೆ. ಚಿತ್ರದ ಕೆಳಗೆ ಎಷ್ಟು ಕಿಲೋ ಎಂದು ಬರೆಯಬೇಕೆಂದು ನಿಮ್ಮ ವರದಿಗಾರರು ಕೇಳಿದರೆ ಮಾತ್ರ ಉತ್ತರ ಕೊಡಲಾರೆ. ತೂಕದ ಯಂತ್ರ ಅಟ್ಟ ಸೇರಿ ವರ್ಷವಾಯಿತು.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ