ಉಗ್ರಾಣದಲ್ಲಿ ಕೂತವರು

ಸಾಗರ,
ಭಾನುವಾರ ಬೆಳಿಗ್ಗೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ನಿನ್ನ ಮೆಸೇಜು ಬುಧವಾರವೇ ಬಂತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನೂ ಹೂಂ ಅನ್ನುತ್ತೀಯ, ನಾನೂ ಹೂಂ ಅನ್ನುತ್ತೇನೆ, ಹೇಳಬೇಕಾದ್ದು ಇಬ್ಬರ ಗಂಟಲಲ್ಲೇ ಉಳಿದುಹೋಗುತ್ತದೆ. ಅದಕ್ಕೇ ಈ ಕಾಗದ. ನಿಧಾನಕ್ಕೆ ಓದು, ಎರಡು ದಿನ ಬಿಟ್ಟು ಓದಿದರೂ ಆದೀತು.

"ದೊಡ್ಡಪ್ಪ, ನಿಮ್ಮ ಭಾನುವಾರದ ಗುಂಪಿಗೆ ನಾನು ಬರಲ್ಲ. ಡಾಕ್ಟರು ಆಟಿಸಂ ಅಂದಿದ್ದೇ ಇನ್ನೂ ಅರಗಿಲ್ಲ. ಅಲ್ಲಿ ಹೋಗಿ ಕೂತರೆ ನನ್ನ ಜೀವನ ಪೂರ್ತಿ ಅದೇ ಆಗಿಬಿಡತ್ತೆ" ಎಂದು ಬರೆದಿದ್ದೀಯ. ಆ ಹೆದರಿಕೆ ನನಗೆ ಗೊತ್ತು ಮಗಳೇ. ನನಗೂ ಆಟಿಸಂ ಇದೆ ಎಂದು ಗೊತ್ತಾದದ್ದು ಐವತ್ತೇಳನೇ ವಯಸ್ಸಿಗೆ. ಆಗ ಒಬ್ಬ ಆಪ್ತಸಲಹೆಗಾರರು "ಈ ವಯಸ್ಸಲ್ಲಿ ಇದನ್ನ ಕಟ್ಟಿಕೊಂಡು ಏನು ಮಾಡ್ತೀರಿ, ಬಿಟ್ಟಾಕಿ" ಎಂದು ಫೈಲು ಮುಚ್ಚಿದರು. ಅವರ ಮಾತು ನಂಬಿ ಎಂಟು ತಿಂಗಳು ಯಾರ ಹತ್ತಿರವೂ ಬಾಯಿಬಿಡದೆ ಇದ್ದೆ. ಆ ಎಂಟು ತಿಂಗಳು ಹೋಯಿತಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಆಟಿಸಂ ಇರುವವರೇ ಸೇರುವ ಆ ಗುಂಪಿಗೆ ಮೊದಲ ಸಲ ಹೋದ ದಿನದ್ದು ಹೇಳುತ್ತೇನೆ ಕೇಳು. ಬಸವನಗುಡಿಯಲ್ಲಿ ಒಬ್ಬರ ಮನೆಯ ಮಹಡಿ. ಏಳು ಜನ ಇದ್ದರು. ಬನ್ನಿ ಬನ್ನಿ ಎಂದು ಯಾರೂ ಮೇಲೆ ಬೀಳಲಿಲ್ಲ, ಹೆಸರು ಊರು ಕೇಳಲಿಲ್ಲ. ನಾನು ಒಮ್ಮೆ ತಲೆಯೆತ್ತಿ ಟ್ಯೂಬ್‌ಲೈಟಿನ ಕಡೆ ನೋಡಿದೆ ಅಷ್ಟೆ. ಮೂಲೆಯಲ್ಲಿ ಕೂತಿದ್ದ ಒಬ್ಬ ಹುಡುಗ ಎದ್ದುಹೋಗಿ ಅದನ್ನು ಆರಿಸಿ, ಕಿಟಕಿಯ ಪರದೆ ಸರಿಸಿ, ಮತ್ತೆ ಬಂದು ಕೂತ. ಆ ಗುಂಯ್ ಸದ್ದು ನಿಂತಿತು. ಮೂವತ್ತೊಂದು ವರ್ಷ ಅಡಿಕೆ ಮಂಡಿಯಲ್ಲಿ ಅದರ ಕೆಳಗೆ ಕೂತು ಲೆಕ್ಕ ಬರೆದವನು ನಾನು. ಹೇಳಿದಾಗಲೆಲ್ಲ "ಯಾವ ಸದ್ದು ಮಾರಾಯ?" ಅನ್ನುತ್ತಿದ್ದರು. ನನ್ನ ಕಿವಿಯಲ್ಲೇ ಏನೋ ದೋಷ ಎಂದುಕೊಂಡು ಹೇಳುವುದನ್ನೇ ಬಿಟ್ಟಿದ್ದೆ. ಅವತ್ತು ಅದು ಇನ್ನೊಬ್ಬನಿಗೂ ಕೇಳಿಸಿತು.

ಆಮೇಲೆ ಮಾತು ಮದುವೆಮನೆಗಳ ಕಡೆ ತಿರುಗಿತು. ಶಾಲೆಯಲ್ಲಿ ಪಾಠ ಹೇಳುವ ಒಬ್ಬರು, ನನಗಿಂತ ಐದಾರು ವರ್ಷ ಚಿಕ್ಕವರು, ತಲೆಯೆತ್ತದೆ ಹೇಳಿದರು: "ನಾನು ಸೀದಾ ಉಗ್ರಾಣಕ್ಕೆ ಹೋಗಿಬಿಡ್ತೀನಿ. ಗಟ್ಟಿಮೇಳ ಮುಗಿಯೋವರೆಗೂ ಕಾಯಿ ಎಣಿಸ್ತಾ ಇರ್ತೀನಿ." ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ ಪುಟ್ಟಿ. ಕೈ ನಡುಗುತ್ತಿತ್ತು. ನಮ್ಮ ಕಡೆ ಯಾರ ಮನೆಯ ಮದುವೆಯಾದರೂ ಉಗ್ರಾಣದ ಬೀಗದ ಕೈ ನನಗೇ ಬರುವುದು ನಿನಗೆ ಗೊತ್ತಲ್ಲ. "ಅವನ ಕೈಗೆ ಕೊಟ್ಟರೆ ಒಂದು ತಾಂಬೂಲದ ಚೀಲವೂ ಹೆಚ್ಚುಕಮ್ಮಿ ಆಗಲ್ಲ" ಎಂದು ಹೊಗಳುತ್ತಾರೆ. ಓಲಗಕ್ಕೆ, ಜನರ ಗಲಗಲಕ್ಕೆ, ಎಲ್ಲರೂ ಬಂದು ಹೆಗಲ ಮೇಲೆ ಕೈ ಹಾಕುವುದಕ್ಕೆ ಹೆದರಿ ನಾನು ಅಲ್ಲಿ ಅವಿತುಕೊಳ್ಳುತ್ತಿದ್ದೆ ಎಂದು ನಿನ್ನ ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ಆ ಪಾಠ ಹೇಳುವವರ ಊರೇ ಬೇರೆ, ಬಳಗವೇ ಬೇರೆ, ನನ್ನ ಮುಖವನ್ನು ಅದಕ್ಕೆ ಮುಂಚೆ ನೋಡಿದವರೂ ಅಲ್ಲ. ಆದರೂ ಅದೇ ಉಗ್ರಾಣ, ಅದೇ ಕಾಯಿ ಎಣಿಕೆ.

ನಿನಗೆ ನೆನಪಿದೆಯೋ ಇಲ್ಲವೋ, ನಿನ್ನ ಅಕ್ಕನ ಮದುವೆಯಲ್ಲಿ ನೀನು ಒಂಬತ್ತು ವರ್ಷದವಳು. ಜರಿ ಲಂಗ ಚುಚ್ಚುತ್ತದೆಂದು ಅಳುತ್ತಾ ಉಗ್ರಾಣಕ್ಕೆ ಬಂದೆ. ಅಕ್ಕಿ ಮೂಟೆಯ ಮೇಲೆ ಕೂತೆ. ಓಲಗ ಜೋರಾದಾಗ ಎರಡೂ ಕಿವಿ ಮುಚ್ಚಿಕೊಂಡೆ, ನಾನು ಬಾಗಿಲು ಅರ್ಧ ಮುಂದೆ ಮಾಡಿದೆ. ನೀನು ಬುಟ್ಟಿಯಲ್ಲಿದ್ದ ಅಡಿಕೆಯನ್ನು ಹತ್ತು ಹತ್ತರ ಸಾಲು ಮಾಡಿ ಜೋಡಿಸುತ್ತಾ ಹೋದೆ. ನಾನು ವೀಳ್ಯದೆಲೆ ಬಿಡಿಸುತ್ತಿದ್ದೆ. ಒಂದೂವರೆ ಗಂಟೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಆಮೇಲೆ ನಿನ್ನ ಅಮ್ಮ ಹುಡುಕಿಕೊಂಡು ಬಂದು ಬೈದಳು. ನಾನೂ "ಹೋಗು, ಮಕ್ಕಳ ಜೊತೆ ಆಡು ಹೋಗು" ಅಂದೆ. ಆ ಮಾತು ಇವತ್ತಿಗೂ ಕೊರೆಯುತ್ತದೆ. ಗೊತ್ತಿದ್ದರೆ ಇಲ್ಲೇ ಇರು ಅನ್ನುತ್ತಿದ್ದೆ.

ಗೊತ್ತಿರಲಿಲ್ಲ ಎನ್ನುವುದು ನನ್ನೊಬ್ಬನ ತಪ್ಪೂ ಅಲ್ಲ. ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕದಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದು ಇದಕ್ಕೆ ಹೆಸರು ತಂದದ್ದು 1943ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಆಟಿಸಂ ಎಂಬ ಮಾತು ಬಂದದ್ದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದೂ ಸೇರಿತು. ಅಷ್ಟು ಹೊತ್ತಿಗೆ ನನ್ನ ತಲೆ ಬೆಳ್ಳಗಾಗಿತ್ತು. ನಿನ್ನಂಥ, ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಸದ್ದಿಲ್ಲದೆ ಕೂತು ಒಳ್ಳೆ ಅಂಕ ತೆಗೆಯುವ ಹೆಣ್ಣುಮಕ್ಕಳ ಕಡೆಗಂತೂ ಯಾರೂ ತಿರುಗಿಯೂ ನೋಡಲಿಲ್ಲ.

ನಮಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಎಂದು ಬಹಳ ವರ್ಷ ಪುಸ್ತಕಗಳು ಬರೆದವು. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಇಂಗ್ಲೆಂಡಿನ ವಿದ್ವಾಂಸರು, ಅವರಿಗೂ ಆಟಿಸಂ ಇದೆ, ಇದು ಎರಡು ಕಡೆಯ ತೊಡಕು ಅಂದರು. ನಮಗೆ ಉಳಿದವರು ಅರ್ಥವಾಗದಿದ್ದರೆ ಅವರಿಗೂ ನಾವು ಅರ್ಥವಾಗುತ್ತಿಲ್ಲ, ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ? 2020ರಲ್ಲಿ ಎಡಿನ್‌ಬರೋದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ನೀವು ಚಿಕ್ಕವರಿದ್ದಾಗ ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಗುಟ್ಟು ಹೇಳುವ ಆಟ ಆಡುತ್ತಿದ್ದಿರಲ್ಲ, ಆ ಥರ. 72 ಜನ, ಎಂಟೆಂಟು ಜನರ ಸಾಲು, ಒಂದು ಕಥೆಯನ್ನು ಮೊದಲನೆಯವರಿಂದ ಕೊನೆಯವರಿಗೆ ದಾಟಿಸಬೇಕು. ಪೂರ್ತಿ ಆಟಿಸಂ ಇರುವವರ ಸಾಲಿನಲ್ಲಿ ಕಥೆ ಉಳಿದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ ಮಾತ್ರ ದಾರಿಯುದ್ದಕ್ಕೂ ಸೋರಿತು, ಪರಸ್ಪರ ಸಲಿಗೆಯೂ ಕಡಿಮೆ ಹುಟ್ಟಿತು. 2025ರಲ್ಲಿ ಇನ್ನೂ ಹೆಚ್ಚು ಜನರನ್ನಿಟ್ಟು ಮತ್ತೆ ಮಾಡಿದಾಗ ಬೆರಕೆ ಸಾಲಿನಲ್ಲಿ ಆ ಸೋರಿಕೆ ಕಾಣಲಿಲ್ಲ. ಇದನ್ನೂ ನಿನಗೆ ಹೇಳಲೇಬೇಕು, ಮುಚ್ಚಿಟ್ಟರೆ ನಾಳೆ ನೀನೇ ಹುಡುಕಿ ನನ್ನನ್ನು ಕೇಳುತ್ತೀಯ. ಎರಡರಲ್ಲೂ ಒಂದು ವಿಷಯ ಮಾತ್ರ ಗಟ್ಟಿ: ನಮ್ಮನಮ್ಮಲ್ಲಿ ಮಾತು ನಡೆಯುತ್ತದೆ. ನಮಗೆ ಮಾತಾಡಲು ಬಾರದು ಎಂದು ಇಷ್ಟು ವರ್ಷ ನಂಬಿದ್ದೆವಲ್ಲ, ಅದು ಸುಳ್ಳು.

ಗುಂಪು ಕಟ್ಟಿಕೊಳ್ಳುವುದು ನಾವು ಶುರುಮಾಡಿದ್ದೂ ಅಲ್ಲ. 1992ರಲ್ಲಿ ಜಿಮ್ ಸಿಂಕ್ಲೇರ್, ಡೊನಾ ವಿಲಿಯಮ್ಸ್, ಕ್ಯಾಥಿ ಗ್ರಾಂಟ್ ಎಂಬ ಮೂವರು ಸೇರಿ ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಎಂಬ ಕೂಟ ಕಟ್ಟಿದರು. ಅಲ್ಲಿಯವರೆಗೆ ಆಟಿಸಂ ಸಭೆಗಳೆಂದರೆ ಬಹುಮಟ್ಟಿಗೆ ತಂದೆತಾಯಿ ಮತ್ತು ಡಾಕ್ಟರುಗಳದ್ದು. 1996ರಿಂದ ಅವರು ಅಮೆರಿಕದಲ್ಲಿ ಆಟ್ರೀಟ್ ಎಂಬ ಶಿಬಿರ ನಡೆಸಿದರು, ತಮಗೆ ಒಗ್ಗುವ ಹಾಗೆ ತಾವೇ ಏರ್ಪಾಡು ಮಾಡಿಕೊಂಡ ಶಿಬಿರ. ಅಲ್ಲಿ ಎದೆಗೆ ಹಾಕಿಕೊಳ್ಳುವ ಬಣ್ಣದ ಬ್ಯಾಡ್ಜ್ ಬಂತು. ಕೆಂಪು ಇದ್ದರೆ ನನ್ನನ್ನು ಮಾತಾಡಿಸಬೇಡಿ. ಹಳದಿ ಇದ್ದರೆ ಪರಿಚಯದವರು ಮಾತ್ರ ಮಾತಾಡಿಸಿ. ಹಸಿರು ಇದ್ದರೆ ಯಾರು ಬೇಕಾದರೂ ಬನ್ನಿ. ನಮ್ಮ ಗುಂಪಿನಲ್ಲಿ ಬ್ಯಾಡ್ಜ್ ಇಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪು ಇದೆ. ಬಾಗಿಲ ಹತ್ತಿರ ಸ್ಟೀಲ್ ಡಬ್ಬಿಯಲ್ಲಿ ಮೂರೂ ಬಣ್ಣದವು ಇರುತ್ತವೆ. ನಾನು ಮೊದಲ ನಾಲ್ಕು ಸಲ ಕೆಂಪು ಹಾಕಿಕೊಂಡು ಕೂತು ಎದ್ದುಬಂದೆ. ನಾಲ್ಕು ಸಲವೂ ಎದುರಿಗೆ ಕಾಫಿ ತಂದಿಟ್ಟರು, ಒಂದು ಪ್ರಶ್ನೆ ಕೇಳಲಿಲ್ಲ. ಇಂಥ ಮರ್ಯಾದೆ ನನಗೆ ಬೇರೆ ಎಲ್ಲೂ ಸಿಕ್ಕಿರಲಿಲ್ಲ.

ಡಾಕ್ಟರು ಹೆಸರು ಹೇಳುತ್ತಾರೆ. ಆ ಹೆಸರು ಇಟ್ಟುಕೊಂಡು ಸೋಮವಾರದಿಂದ ಶನಿವಾರದವರೆಗೆ ಹೇಗೆ ಬದುಕುವುದು ಎಂದು ಹೇಳುವವರು ಇವರು. ಕ್ಷೌರದ ಅಂಗಡಿಗೆ ಹೋಗುವುದು ನನಗೆ ಜೀವಮಾನದ ಯಾತನೆ. ಮಷಿನ್ನಿನ ಸದ್ದು, ಟೀವಿ, ಪೌಡರಿನ ವಾಸನೆ, ಕುತ್ತಿಗೆಯೊಳಗೆ ಬೀಳುವ ಕೂದಲು. ಗುಂಪಿನ ಹುಡುಗನೊಬ್ಬ ಹೇಳಿಕೊಟ್ಟ: ಮಂಗಳವಾರ ರಜೆ, ಬುಧವಾರ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಹೋಗಿ, ಟೀವಿ ಹಾಕುವ ಮುಂಚೆ. ಕತ್ತರಿ ಮಾತ್ರ, ಪೌಡರು ಬೇಡ ಎಂದು ಕೂರುವ ಮೊದಲೇ ಹೇಳಿ. ಮನೆಯಿಂದ ಹಳೇ ಪಂಚೆ ತಗೊಂಡು ಹೋಗಿ ಕುತ್ತಿಗೆಗೆ ಸುತ್ತಿಕೊಳ್ಳಿ. ಇಷ್ಟೇ. ಈಗ ತಿಂಗಳಿಗೊಮ್ಮೆ ಹೋಗಿಬರುತ್ತೇನೆ. ಕುಕ್ಕರಿನ ಸೀಟಿಗೆ, ದಂತವೈದ್ಯರಿಗೆ, ಬ್ಯಾಂಕಿಗೆ ಫೋನ್ ಮಾಡಬೇಕಾದಾಗ ಮೊದಲೇ ಚೀಟಿ ಬರೆದಿಟ್ಟುಕೊಳ್ಳುವುದಕ್ಕೆ, ಹೀಗೆ ಎಲ್ಲಕ್ಕೂ ಅವರ ಹತ್ತಿರ ಒಂದೊಂದು ದಾರಿ ಇದೆ. ತಾವು ಬಿದ್ದೆದ್ದು ಕಂಡುಕೊಂಡದ್ದು.

ನಿನ್ನನ್ನು ಯಾಮಾರಿಸಿ ಕರೆದುಕೊಂಡು ಹೋಗಲಾರೆ, ಅಲ್ಲೂ ತೊಂದರೆಗಳಿವೆ. ಆಟಿಸಂ ಇರುವವರೆಲ್ಲ ಒಂದೇ ಅಚ್ಚಿನಲ್ಲಿ ಬಂದವರಲ್ಲ. ಒಬ್ಬರಿಗೆ ಗುನುಗುತ್ತಾ ಇದ್ದರೇ ಸಮಾಧಾನ, ಅದೇ ಗುನುಗು ನನ್ನ ತಲೆ ಒಡೆಯುತ್ತದೆ. ಕಳೆದ ಮಳೆಗಾಲದಲ್ಲಿ ಇದಕ್ಕೆ ಜಗಳವೇ ಆಯಿತು, ಎರಡು ತಿಂಗಳು ನಾನು ಹೋಗಲಿಲ್ಲ. ಈಗ ಅವರು ಬಾಲ್ಕನಿಯ ಕಡೆ ಕೂರುತ್ತಾರೆ, ನಾನು ಬಾಗಿಲ ಕಡೆ. ಮಾತೇ ಆಡದ ಒಬ್ಬ ಯುವಕ ಬರುತ್ತಾನೆ, ಟ್ಯಾಬ್ಲೆಟ್ಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಾನೆ. ಒಂದು ವಾಕ್ಯಕ್ಕೆ ಐದು ನಿಮಿಷ. ಅಷ್ಟು ಹೊತ್ತು ಎಲ್ಲರೂ ಸುಮ್ಮನೆ ಕಾಯುತ್ತಾರೆ, ಅವನ ವಾಕ್ಯವನ್ನು ತಾವು ಪೂರ್ತಿ ಮಾಡಲು ಹೋಗುವುದಿಲ್ಲ. ನನಗೆ ಮೊದಲು ಅವನ ಎದುರು ಕೂರುವುದು ಕಷ್ಟವಾಯಿತು. ನಾನು ಅವನ ಥರ ಅಲ್ಲ ಎಂದು ಮನಸ್ಸು ಹೇಳುತ್ತಿತ್ತು. ನಿನ್ನ ಮೆಸೇಜಿನಲ್ಲೂ ಆ ದನಿ ಒಂದಿಷ್ಟು ಕೇಳಿಸಿತು, ಅದಕ್ಕೇ ಬರೆದೆ. ಬೇಸರ ಮಾಡಿಕೊಳ್ಳಬೇಡ. ಒಂದು ದಿನ ಅವನು ಬರೆದ: "ಅಂಕಲ್ ಇವತ್ತು ಸುಸ್ತಾಗಿದಾರೆ, ಲೈಟ್ ಆರಿಸಿ." ನಾನು ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ಮಾತು. ಗುಂಪಿನ ಸಂಗಾತಿಗಳು ವೈದ್ಯರಿಗೆ ಬದಲಿಯಲ್ಲ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸಿದರೆ ಗುಂಪಿನ ಭಾನುವಾರಕ್ಕೆ ಕಾಯಬೇಡ. ನಿಮ್ಹಾನ್ಸ್ ಇದೆ, ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಆಗದಿದ್ದರೆ ನನಗೊಂದು ಮೆಸೇಜು ಹಾಕು, ನಾನು ಫೋನ್ ಮಾಡುತ್ತೇನೆ. ನಿನಗಾಗಿ ಅದನ್ನು ಮಾಡಬಲ್ಲೆ.

ಆಫೀಸಿನಲ್ಲಿ ಹೇಳಬೇಕೋ ಬೇಡವೋ, ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಬೇಕೋ ಬೇಡವೋ, ಅದೆಲ್ಲ ಆಮೇಲೆ. ಅವಸರವಿಲ್ಲ. ನಿನ್ನ ಅಮ್ಮ ಅಳುತ್ತಿದ್ದಾಳೆ ಎಂದು ಬರೆದಿದ್ದೀಯ, ಅವಳ ಜೊತೆ ನಾನು ಮಾತಾಡುತ್ತೇನೆ. 1993ರಲ್ಲಿ ಟೊರಾಂಟೋದಲ್ಲಿ ಅದೇ ಜಿಮ್ ಸಿಂಕ್ಲೇರ್ ತಂದೆತಾಯಿಗಳ ಎದುರು ನಿಂತು, ನೀವು ಕನಸು ಕಂಡ ಮಗು ಬರಲಿಲ್ಲ ಎಂದು ದುಃಖಪಡುವುದಾದರೆ ಪಡಿ, ಆದರೆ ಎದುರಿಗಿರುವ ಮಗುವಿನ ಸಲುವಾಗಿ ಗೋಳಾಡಬೇಡಿ ಎಂಬ ಅರ್ಥದಲ್ಲಿ ಮಾತಾಡಿದರು. ಅದನ್ನು ನನ್ನ ಮಾತಿನಲ್ಲಿ ಅವಳಿಗೆ ಹೇಳುತ್ತೇನೆ. ಮದುವೆಯ ವಿಷಯ ಎತ್ತಿದರೆ ಅದನ್ನೂ ನನಗೇ ಬಿಡು.

ಆಫೀಸಿನಿಂದ ಬಂದು ಬಾಗಿಲು ಹಾಕಿಕೊಂಡು ಕತ್ತಲೆಯಲ್ಲಿ ಎರಡು ಗಂಟೆ ಮಲಗುತ್ತೀಯಂತೆ. ಇಡೀ ದಿನ ಬೇರೆಯವರ ಹಾಗೆ ನಕ್ಕು, ಕಣ್ಣಲ್ಲಿ ಕಣ್ಣಿಟ್ಟು, ಹರಟೆ ಹೊಡೆದು ಬಂದವರಿಗೆ ಹಾಗಾಗುತ್ತದೆ. ನಮ್ಮೂರಲ್ಲಿ ಯಕ್ಷಗಾನದ ಆಟ ನೋಡಲು ಹೋದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಚೌಕಿ, ಅಂದರೆ ವೇಷದವರು ಬಣ್ಣ ಹಚ್ಚಿಕೊಳ್ಳುವ ಜಾಗ, ತೋರಿಸಿದ್ದೆ. ರಂಗದಲ್ಲಿ ಅಬ್ಬರಿಸಿದ ವೇಷಧಾರಿ ಅಲ್ಲಿ ಕಿರೀಟ ಬಿಚ್ಚಿ ಪಕ್ಕಕ್ಕಿಟ್ಟು, ಕಾಲು ಚಾಚಿ, ಅರ್ಧ ಬಣ್ಣದ ಮುಖದಲ್ಲೇ ಚಹಾ ಕುಡಿಯುತ್ತಿದ್ದ. ಪಕ್ಕದಲ್ಲಿದ್ದವರೂ ವೇಷದವರೇ, ಯಾರೂ ತಿರುಗಿ ನೋಡುತ್ತಿರಲಿಲ್ಲ. ನಿನಗೆ ರಂಗ ಸಾಕಷ್ಟಿದೆ ಪುಟ್ಟಿ, ಚೌಕಿ ಇಲ್ಲ.

ಮುಂದಿನ ಎರಡನೇ ಭಾನುವಾರ ಸಭೆ, ನಾಲ್ಕು ಗಂಟೆಗೆ. ನಾನು ಶನಿವಾರ ರಾತ್ರಿ ತಾಳಗುಪ್ಪ ರೈಲು ಹತ್ತುತ್ತೇನೆ, ಬೆಳಗಿನ ಜಾವ ನಿಮ್ಮ ಮನೆಯಲ್ಲಿರುತ್ತೇನೆ. ನಿನ್ನ ದೊಡ್ಡಮ್ಮ ಚಕ್ಕುಲಿ ಕಟ್ಟಿಕೊಡುತ್ತಾಳಂತೆ. ಮೂರೂವರೆಗೆ ಹೊರಡೋಣ, ಆಟೋದವನ ಹತ್ತಿರ ನಾನು ಮಾತಾಡುತ್ತೇನೆ. ಹತ್ತಿ ಬಟ್ಟೆ ಹಾಕಿಕೋ. ಬಾಗಿಲ ಪಕ್ಕ ಎರಡು ಕುರ್ಚಿ ಇರುತ್ತವೆ, ಗೋಡೆಯ ಕಡೆಯದು ನಿನಗೆ. ಡಬ್ಬಿಯಿಂದ ಕೆಂಪು ಕ್ಲಿಪ್ಪು ತೆಗೆದು ಹಾಕಿಕೊಂಡು ಕೂರು, ನಾನೂ ಅವತ್ತು ಕೆಂಪೇ ಹಾಕಿಕೊಳ್ಳುತ್ತೇನೆ. ಹೊರಡಬೇಕು ಅನ್ನಿಸಿದರೆ ನನ್ನ ತೋಳು ಒಂದು ಸಲ ಮುಟ್ಟು, ಎದ್ದುಬಿಡೋಣ. ಕಾರಣ ಕೇಳುವುದಿಲ್ಲ.

ಬರುತ್ತೀಯ ಎಂದಾದರೆ ಶುಕ್ರವಾರದೊಳಗೆ ಒಂದು "ಸರಿ" ಕಳಿಸು. ಕಳಿಸದಿದ್ದರೂ ನಾನು ಬರುತ್ತೇನೆ, ನಿನ್ನ ಕೋಣೆಯಲ್ಲಿ ಲೈಟು ಹಾಕದೆ ಇಬ್ಬರೂ ಚಕ್ಕುಲಿ ತಿನ್ನೋಣ.

ಇಂತಿ,
ನಿನ್ನ ದೊಡ್ಡಪ್ಪ