ಮಗಳಿಗೊಂದು ಪತ್ರ: ಎಲ್ಲ ಒಡವೆಗೂ ಒಂದೇ ಸ್ನಾನ ಆಗಲ್ಲ

ಪುಟ್ಟಿ,

ನೀರನ್ನು ಸಣ್ಣಗೆ ನಡುಗಿಸಿ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಮಷೀನ್ ತರಿಸಿದ್ದೀಯ, ಎಲ್ಲವನ್ನೂ ಒಟ್ಟಿಗೆ ಹಾಕಿ ತೊಳೆದುಬಿಡುತ್ತೇನೆ ಅಂದೆಯಲ್ಲ, ಸ್ವಲ್ಪ ತಡಿ. ಬಿರುಕುಗಳಿಗೆ ಏನನ್ನೂ ತುಂಬಿಸಿರದ ವಜ್ರ, ಅದೂ ಕಟ್ಟಿನಲ್ಲಿ ಗಟ್ಟಿಯಾಗಿ ಕೂತಿದ್ದರೆ, ಹಾಕು. ಮುತ್ತಿನ ಸರ, ಹವಳ, ಪಚ್ಚೆ ಉಂಗುರ ಮಾತ್ರ ಅದರ ಹತ್ತಿರವೂ ಸುಳಿಯಬಾರದು. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮುತ್ತು ಕಲ್ಲೇ ಅಲ್ಲ. ಚಿಪ್ಪಿನೊಳಗಿನ ಜೀವಿ ಪದರದ ಮೇಲೆ ಪದರ ಕಟ್ಟಿ ಮಾಡಿದ್ದು. ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಮೊಟ್ಟೆಯ ಚಿಪ್ಪಿನಲ್ಲಿರುವುದೂ ಅದೇ. ಹವಳವೂ ಅಷ್ಟೇ. ಹುಳಿ ತಗುಲಿದರೆ ಕರಗುತ್ತದೆ. ನಿಂಬೆರಸ, ವಿನೆಗರ್ ಬಿಡು, ಬೆವರಿಗೂ ಸ್ವಲ್ಪ ಹುಳಿ ಗುಣವಿದೆ. ಸೆಂಟು, ಹೇರ್ ಸ್ಪ್ರೇ ಕೂಡ ಹೊಳಪು ತಿನ್ನುತ್ತವೆ. ಅದಕ್ಕೇ ಅಲಂಕಾರವೆಲ್ಲ ಮುಗಿದ ಮೇಲೆ ಮುತ್ತು ಹಾಕಿಕೋ, ಮನೆಗೆ ಬಂದ ತಕ್ಷಣ ಮೊದಲು ಅದನ್ನೇ ತೆಗೆ. ಮೆತ್ತನೆಯ ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಂದೊಂದೇ ಮುತ್ತನ್ನು ಒರೆಸು. ಕತ್ತಿನ ಹಿಂಭಾಗದ ಮುತ್ತುಗಳನ್ನು ಮರೆಯಬೇಡ, ಬೆವರು ಕೂರುವುದು ಅಲ್ಲೇ ಜಾಸ್ತಿ. ಸರವನ್ನು ನೀರಿನಲ್ಲಿ ಮುಳುಗಿಸುವುದು ಬೇಡ. ರೇಷ್ಮೆ ದಾರ ನೀರು ಕುಡಿದು ಸಡಿಲವಾಗುತ್ತದೆ.

ಆಗಾಗ ಸರವನ್ನು ಬೆಳಕಿಗೆ ಹಿಡಿದು ನೋಡು. ಚೆನ್ನಾಗಿ ಪೋಣಿಸಿದ ಸರದಲ್ಲಿ ಮುತ್ತು ಮುತ್ತಿನ ನಡುವೆ ಪುಟ್ಟ ಗಂಟಿರುತ್ತದೆ, ಮುತ್ತು ಗಂಟಿಗೆ ಒತ್ತಿಕೊಂಡಿರುತ್ತದೆ. ಗಂಟಿನ ಪಕ್ಕ ದಾರ ಇಣುಕುತ್ತಿದೆಯಾ? ಮುತ್ತು ಆಚೀಚೆ ಜಾರುತ್ತಿದೆಯಾ? ಗಂಟು ಕಪ್ಪಾಗಿದೆಯಾ? ಹಾಗಿದ್ದರೆ ಮತ್ತೆ ಪೋಣಿಸಲು ಕೊಡು. ಕೊಂಡಿಯ ಹತ್ತಿರ ದಾರ ಬೇಗ ಸವೆಯುತ್ತದೆ, ಅಲ್ಲಿ ಜಾಸ್ತಿ ಗಮನ ಇರಲಿ. ಗಂಟಿದ್ದರೆ ದಾರ ಕಡಿದರೂ ಬೀಳುವುದು ಒಂದು ಮುತ್ತು. ಇಲ್ಲದಿದ್ದರೆ ಇಡೀ ಸರ ನೆಲದ ಪಾಲು.

ತೂಗುಹಾಕಬೇಡ, ದಾರ ಹಿಗ್ಗುತ್ತದೆ. ಬಟ್ಟೆಯ ಚೀಲದಲ್ಲಿ ಮಲಗಿಸಿಡು. ಗಾಳಿಯಾಡದ ಪ್ಲಾಸ್ಟಿಕ್ ಕವರೂ ಬೇಡ, ತೀರಾ ಒಣಗಿದರೆ ಮುತ್ತು ಬಿರುಕು ಬಿಡಬಹುದು. ಆಗಾಗ ಹಾಕಿಕೋ. ಹಾಕಿಕೊಳ್ಳದ ಒಡವೆ ಯಾತಕ್ಕೆ ಹೇಳು!

ಇನ್ನು ಕಲ್ಲುಗಳು. ಗಡಸುತನ, ಅಂದರೆ ಗೀರು ಬೀಳದಂತೆ ತಡೆಯುವ ಶಕ್ತಿ, ಅದನ್ನು ಅಳೆಯುವ ಮೋಹ್ಸ್ ಪಟ್ಟಿಯಲ್ಲಿ ವಜ್ರಕ್ಕೆ 10, ಮಾಣಿಕ್ಯ ಮತ್ತು ನೀಲಕ್ಕೆ 9, ಮುತ್ತಿಗೆ 2.5ರಿಂದ 4.5 ಅಷ್ಟೇ. ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಅದರ ಗಡಸುತನ 7. ಒಣಬಟ್ಟೆಯಲ್ಲಿ ಮುತ್ತನ್ನು ತಿಕ್ಕಬೇಡ ಅನ್ನುವುದು ಇದಕ್ಕೇ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿಯಲೂ ಬೇಡ. ವಜ್ರ ಉಳಿದೆಲ್ಲವನ್ನೂ ಗೀರುತ್ತದೆ.

ಹಾಗಂತ ಗಡಸು ಕಲ್ಲೆಲ್ಲ ಸುಲಭಕ್ಕೆ ಹಾಳಾಗಲ್ಲ ಅಂದುಕೊಳ್ಳಬೇಡ. ಪಚ್ಚೆಯ ಗಡಸುತನ 7.5ರಿಂದ 8. ಆದರೆ ಅದರೊಳಗೆ ಹುಟ್ಟಿನಿಂದಲೇ ಸಣ್ಣ ಸಣ್ಣ ಬಿರುಕು. ಅವು ಕಾಣದಿರಲಿ ಅಂತ ಹೆಚ್ಚಿನ ಪಚ್ಚೆಗಳಿಗೆ ಎಣ್ಣೆಯನ್ನೋ ಅಂಟಿನಂಥ ರೆಸಿನ್ನನ್ನೋ ತುಂಬಿಸಿರುತ್ತಾರೆ. ಹೇಳಿ ಮಾರಿದರೆ ಅದು ಮೋಸವಲ್ಲ, ವ್ಯಾಪಾರದ ರೂಢಿ. ಆದರೆ ಬಿಸಿನೀರು, ಹಬೆ, ನಿನ್ನ ಮಷೀನಿನ ನಡುಕ, ಯಾವುದಾದರೂ ಸಾಕು, ಆ ಎಣ್ಣೆ ಹೊರಬರುತ್ತದೆ. ಆಮೇಲೆ ಹಸಿರಿನ ನಡುವೆ ಬೆಳ್ಳಗೆ ಗೆರೆಗಳು ಕಾಣುತ್ತವೆ. ಓಪಲ್ ಒಳಗೆ ನೀರಿರುತ್ತದೆ, ಬಿಸಿಗೆ ಸೀಳಬಹುದು. ನೇರಳೆ ಬಣ್ಣದ ಅಮೆಥಿಸ್ಟ್ ಕಲ್ಲು ಬಹಳ ಕಾಲ ಬಿಸಿಲಿಗೆ ಬಿದ್ದರೆ ಬಣ್ಣ ಕಳೆದುಕೊಳ್ಳುತ್ತದೆ.

ಮಾಣಿಕ್ಯ, ನೀಲಕ್ಕೆ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆಯ ಬ್ರಷ್ ಸಾಕು. ಕೊಳೆ ಕೂರುವುದು ಕಲ್ಲಿನ ಬೆನ್ನಿಗೆ, ಅಲ್ಲಿ ಉಜ್ಜು. ಸಿಂಕಿನ ಮೇಲೆ ತೊಳೆಯಬೇಡ, ಜಾರಿದರೆ ಹೋಯಿತು. ಟೂತ್‌ಪೇಸ್ಟ್, ಅಡುಗೆ ಸೋಡಾ ಅಂತ ಯಾರೋ ಹೇಳಿದ್ದನ್ನು ಕೇಳಿ ಸುಮ್ನೆ ಪ್ರಯೋಗ ಮಾಡಬೇಡ. ತೊಳೆಯುವ ಮೊದಲು ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟು. ಕಟಕಟ ಅಂದರೆ ಕಲ್ಲು ಸಡಿಲವಾಗಿದೆ. ಅಕ್ಕಸಾಲಿಗೆ ತೋರಿಸು.

ಒಂದು ಅನುಮಾನ ಇದೆ. ಕೆಲವು ಮಾಣಿಕ್ಯಗಳ ಬಿರುಕಿಗೆ ಗಾಜು ತುಂಬಿಸಿರುತ್ತಾರೆ, ಅವಕ್ಕೆ ನಿಂಬೆರಸ ಕೂಡ ಅಪಾಯ. ನಿನ್ನ ಉಂಗುರದ ಸರ್ಟಿಫಿಕೇಟಿನಲ್ಲಿ ಏನು ಬರೆದಿದೆ ನೋಡಿ ಹೇಳು. ಅಲ್ಲಿವರೆಗೆ ಅದನ್ನು ಮಷೀನಿಗೆ ಹಾಕಬೇಡ.

ನಿನ್ನ
ಅಮ್ಮ